ಕ್ಷಣನೋಟದ ಓದು: ರಸ್ತೆಫಲಕದ ಅಕ್ಷರರೂಪವನ್ನು ಕುರಿತ ಒಂದು ವಿವೇಚನೆ

ಓದು ಎಂಬ ಕ್ರಿಯೆಯನ್ನು ಕುರಿತು ಈವರೆಗೆ ನಡೆದಿರುವ ಚರ್ಚೆಗಳಲ್ಲಿ ಪುಸ್ತಕದ ಓದಿಗೆ ಸಿಕ್ಕಿರುವ ಪ್ರಾಶಸ್ತ್ಯ ಬಯಲಿನ ಓದಿಗೆ ಸಿಕ್ಕಿಲ್ಲ. ಅಂಗಡಿಯ ಹಲಗೆ, ಬಸ್ಸಿನ ಬೋರ್ಡು, ಲಾರಿಯ ಹಿಂಬದಿ, ಊರಿನ ಹೆಸರು ಹೊತ್ತು ನಿಂತ ರಸ್ತೆಯ ಫಲಕ ಇವೆಲ್ಲ ಜನಸಮುದಾಯ ದಿನನಿತ್ಯ ಓದುವ ಪಠ್ಯಗಳೇ ಆಗಿವೆ. ಇವುಗಳಲ್ಲಿ ರಸ್ತೆಫಲಕಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಪುಸ್ತಕದ ಓದುಗನಿಗೆ ಹಿಂದಿನ ಸಾಲಿಗೆ ಮರಳುವ ಸ್ವಾತಂತ್ರ್ಯವಿದೆ. ವಾಹನ ನಡೆಸುವವನಿಗೆ ಅದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್, 100 ಕಿಲೋಮೀಟರ್ ವೇಗದಲ್ಲಿ ಸುಮಾರು 28 ಮೀಟರ್ ದಾಟುತ್ತದೆ. ಕಣ್ಣು ಫಲಕದ ಮೇಲಿರುವಷ್ಟು ಹೊತ್ತೂ ಅದು ರಸ್ತೆಯ ಮೇಲಿರುವುದಿಲ್ಲ. ಆದ್ದರಿಂದ ಇಲ್ಲಿ ಅಕ್ಷರದ ರೂಪವೆಂಬುದು ಅಲಂಕಾರದ ವಿಷಯವಾಗಿ ಉಳಿಯದೆ ಜೀವರಕ್ಷಣೆಯ ವಿಷಯವಾಗುತ್ತದೆ.

ಅಕ್ಷರವನ್ನು ದೊಡ್ಡದಾಗಿ ಬರೆದರೆ ಸಾಕು, ರೂಪ ಯಾವುದಾದರೇನು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಸರಳವೂ ಆಧುನಿಕವೂ ಆದ ಅಕ್ಷರರೂಪವೊಂದಿದ್ದರೆ ಅದು ಎಲ್ಲೆಡೆಗೂ ಸಲ್ಲುತ್ತದೆ ಎಂಬುದು ಮತ್ತೊಂದು ಅಭಿಪ್ರಾಯ. ಇವೆರಡೂ ಅರ್ಧಸತ್ಯಗಳು. ಕ್ಷಣನೋಟದ ಓದು ಅಕ್ಷರದ ರೂಪ ಮತ್ತು ಓದುವವರ ನೆನಪಿನಲ್ಲಿರುವ ಹೆಸರುಗಳ ಭಂಡಾರ ಇವೆರಡರ ಕೂಡುವಿಕೆಯಿಂದ ಸಂಭವಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಫಲಿತಾಂಶ ಅಪೂರ್ಣವಾಗುತ್ತದೆ. ಬ್ರಿಟನ್ ಮತ್ತು ಅಮೆರಿಕದ ಅನುಭವಗಳ ಹಿನ್ನೆಲೆಯಲ್ಲಿ ಈ ಮಾತನ್ನು ಪರಿಶೀಲಿಸಿ, ಕನ್ನಡದ ರಸ್ತೆಫಲಕಕ್ಕೆ ಅದರಿಂದ ಒದಗುವ ವಿವೇಕವನ್ನು ಇಲ್ಲಿ ಚರ್ಚಿಸಲಾಗಿದೆ.

1. ಬ್ರಿಟನ್ನಿನ ವಾಗ್ವಾದ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಮೋಟಾರು ಹೆದ್ದಾರಿಗಳ ನಿರ್ಮಾಣ ಆರಂಭವಾದಾಗ ಹಳೆಯ ಫಲಕಗಳು ಹೊಸ ವೇಗಕ್ಕೆ ಸಾಲವೆಂಬುದು ಸ್ಪಷ್ಟವಾಯಿತು. 1957ರಲ್ಲಿ ಸರ್ ಕಾಲಿನ್ ಆಂಡರ್ಸನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಗೊಂಡಿತು. ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಫಲಕಗಳನ್ನು ವಿನ್ಯಾಸಗೊಳಿಸಿದ್ದ ಜಾಕ್ ಕಿನೀರ್ ಹೆದ್ದಾರಿಯ ಫಲಕಗಳ ಹೊಣೆ ಹೊತ್ತರು. ಅವರ ವಿದ್ಯಾರ್ಥಿನಿಯಾಗಿದ್ದ ಮಾರ್ಗರೆಟ್ ಕಾಲ್ವರ್ಟ್ ಅವರೊಂದಿಗೆ ಕೆಲಸ ಮಾಡಿದರು. 1958ರ ಡಿಸೆಂಬರ್‌ನಲ್ಲಿ ತೆರೆದ ಪ್ರೆಸ್ಟನ್ ಬೈಪಾಸ್ ಈ ಹೊಸ ಅಕ್ಷರಗಳ ಮೊದಲ ಪರೀಕ್ಷಾಭೂಮಿಯಾಯಿತು. ಉಳಿದ ರಸ್ತೆಗಳಿಗಾಗಿ 1961ರಲ್ಲಿ ಸರ್ ವಾಲ್ಟರ್ ವರ್ಬಾಯ್ಸ್ ಅವರ ಸಮಿತಿ ನೇಮಕಗೊಂಡು 1963ರಲ್ಲಿ ವರದಿ ನೀಡಿತು. 1965ರ ಜನವರಿ 1ರಿಂದ ಜಾರಿಗೆ ಬಂದ ಆ ಪದ್ಧತಿಯೇ ಅಲ್ಲಿ ಇಂದಿಗೂ ಮೂಲತಃ ಉಳಿದುಬಂದಿದೆ. ಅದರ ಅಕ್ಷರರೂಪಕ್ಕೆ 'ಟ್ರಾನ್ಸ್‌ಪೋರ್ಟ್' ಎಂದು ಹೆಸರು.

ಈ ಅಕ್ಷರದ ಮುಖ್ಯ ಲಕ್ಷಣಗಳು ಮೂರು. ಊರಿನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ರೋಮನ್ ಲಿಪಿಯ ದೊಡ್ಡಕ್ಷರದಲ್ಲಿಟ್ಟು ಉಳಿದವನ್ನು ಸಣ್ಣಕ್ಷರದಲ್ಲಿ ಬರೆದದ್ದು ಒಂದು. ಒಂದನ್ನೊಂದು ಹೋಲುವ ಅಕ್ಷರಗಳನ್ನು ಬೇರ್ಪಡಿಸಿದ್ದು ಎರಡನೆಯದು. 'ಎಲ್' ಎಂಬ ಸಣ್ಣಕ್ಷರದ ಬುಡಕ್ಕೆ ಬಾಗಿದ ಬಾಲವನ್ನು ಕೊಟ್ಟದ್ದರಿಂದ ಅದು 'ಐ' ಎಂಬ ದೊಡ್ಡಕ್ಷರದಿಂದಲೂ ಒಂದು ಎಂಬ ಅಂಕಿಯಿಂದಲೂ ಪ್ರತ್ಯೇಕವಾಗಿ ಕಾಣುತ್ತದೆ. ಹಿನ್ನೆಲೆಗೆ ತಕ್ಕಂತೆ ಗೆರೆಯ ದಪ್ಪವನ್ನು ಬದಲಿಸಿದ್ದು ಮೂರನೆಯದು. ಕಪ್ಪುಹಿನ್ನೆಲೆಯ ಮೇಲಿನ ಬಿಳಿಯಕ್ಷರ ಬೆಳಕಿನಲ್ಲಿ ಹಿಗ್ಗಿದಂತೆ ಕಾಣುವುದರಿಂದ ಅದಕ್ಕೆ ತೆಳುವಾದ ಗೆರೆಯೂ, ಬಿಳಿಯ ಮೇಲಿನ ಕರಿಯಕ್ಷರಕ್ಕೆ ದಪ್ಪ ಗೆರೆಯೂ ಗೊತ್ತಾದವು.

ಈ ಹೊಸತನಕ್ಕೆ ಬಲವಾದ ಪ್ರತಿರೋಧವೂ ಬಂದಿತು. ಎರಿಕ್ ಗಿಲ್ ಅವರ ಕೈಕೆಳಗೆ ಕಲ್ಲಿನಲ್ಲಿ ಅಕ್ಷರ ಕೊರೆಯುವುದನ್ನು ಕಲಿತಿದ್ದ ಡೇವಿಡ್ ಕಿಂಡರ್ಸ್ಲಿ, ತುದಿಗಳಲ್ಲಿ ಸೆರಿಫ್ ಎಂಬ ಪುಟ್ಟ ಅಡ್ಡಗೆರೆಗಳುಳ್ಳ ದೊಡ್ಡಕ್ಷರಗಳೇ ಹೆಚ್ಚು ಸ್ಫುಟವೆಂದೂ, ಅವುಗಳಿಂದ ಫಲಕದ ಗಾತ್ರವನ್ನೂ ತಗ್ಗಿಸಬಹುದೆಂದೂ ವಾದಿಸಿ ತಮ್ಮದೇ ಅಕ್ಷರವನ್ನು ಮುಂದಿಟ್ಟರು. ರಸ್ತೆ ಸಂಶೋಧನಾಲಯ ಇದನ್ನು ಪರೀಕ್ಷೆಗೆ ಒಡ್ಡಿತು. ಬೆನ್ಸನ್ ವಿಮಾನ ನೆಲೆಯಲ್ಲಿ ಕುಳಿತ ಸ್ವಯಂಸೇವಕರತ್ತ, ಮೇಲೆ ಫಲಕ ಹೊತ್ತ ಕಾರು ಬರುತ್ತಿತ್ತು. ಹೆಸರು ಎಷ್ಟು ದೂರದಲ್ಲಿ ಓದಲು ಸಿಕ್ಕಿತೆಂಬುದನ್ನು ಗುರುತಿಸಲಾಗುತ್ತಿತ್ತು. ಕಿಂಡರ್ಸ್ಲಿಯವರ ಅಕ್ಷರ ತುಸು ಮುಂದೆ ನಿಂತಿತು. ಆದರೆ ಅಂತರ ಅತ್ಯಲ್ಪವಾದ್ದರಿಂದ ರೂಪದ ಒಪ್ಪವನ್ನು ಆಧರಿಸಿ ಆಯ್ಕೆ ಮಾಡಬಹುದೆಂಬ ನಿಲುವು ಮೇಲುಗೈ ಪಡೆಯಿತು. ಉಳಿದದ್ದು ಕಿನೀರ್–ಕಾಲ್ವರ್ಟ್ ಅವರ ಅಕ್ಷರ.

ಈ ಪ್ರಸಂಗವನ್ನು ಪರಂಪರೆಯ ಸೋಲು, ಆಧುನಿಕತೆಯ ಗೆಲುವು ಎಂದು ಸರಳವಾಗಿ ವಿವರಿಸುವುದು ವಾಡಿಕೆ. ಆದರೆ ಅಳತೆಯ ಕಣದಲ್ಲಿ ಕಲ್ಲುಕುಟಿಗನ ಅಕ್ಷರ ಸೋಲಲಿಲ್ಲ ಎಂಬ ಸಂಗತಿಯನ್ನು ಮರೆಯಲಾಗದು. ಕೈಕಸುಬಿನ ಪರಂಪರೆಯಲ್ಲಿ ತಲೆಮಾರುಗಳಿಂದ ಸಂಚಿತವಾದ ತಿಳಿವಳಿಕೆ ಪ್ರಯೋಗಶಾಲೆಯ ಅರಿವಿಗೆ ಸರಿಸಮವಾಗಿ ನಿಂತಿತು. ಎರಡರ ಗುರಿಯೂ ಒಂದೇ ಆಗಿತ್ತು: ಅಕ್ಷರ ಅಕ್ಷರದ ನಡುವಣ ಭೇದವನ್ನು ದೂರದಲ್ಲೂ ಉಳಿಸಿಕೊಳ್ಳುವುದು.

2. ಅಮೆರಿಕದ ಪಾಠ

ಸಣ್ಣಕ್ಷರಗಳ ಪರವಾಗಿ ಆ ಕಾಲದಲ್ಲಿ ಮುಂದಿಡುತ್ತಿದ್ದ ಮುಖ್ಯ ಕಾರಣವೆಂದರೆ ಪದದ ಹೊರರೇಖೆ. ಮೇಲೆ ಚಾಚುವ, ಕೆಳಗೆ ಇಳಿಯುವ ಅಕ್ಷರಗಳಿಂದ ಪ್ರತಿ ಪದಕ್ಕೂ ಒಂದು ಆಕಾರ ಬರುತ್ತದೆ, ಕಣ್ಣು ಆ ಆಕಾರವನ್ನೇ ಹಿಡಿಯುತ್ತದೆ ಎಂಬುದು ಅದರ ತಾತ್ಪರ್ಯ. ಓದಿನ ಮನೋವಿಜ್ಞಾನದಲ್ಲಿ ನಂತರ ನಡೆದ ಸಂಶೋಧನೆ ಈ ವಿವರಣೆಯನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಕಣ್ಣು ಪದದ ಅಕ್ಷರಗಳನ್ನು ಏಕಕಾಲದಲ್ಲಿ ಗುರುತಿಸಿ, ಅವುಗಳಿಂದ ಪದವನ್ನು ಕಟ್ಟಿಕೊಳ್ಳುತ್ತದೆ ಎಂಬುದು ಈಗ ಹೆಚ್ಚು ಮನ್ನಣೆ ಪಡೆದಿರುವ ಅಭಿಪ್ರಾಯ. ಆದ್ದರಿಂದ ಹೊರರೇಖೆಗಿಂತ ಬಿಡಿ ಅಕ್ಷರದ ಸ್ಫುಟತೆಯೇ ಮುಖ್ಯವೆಂದಾಗುತ್ತದೆ.

ಈ ಸಂದರ್ಭದಲ್ಲಿ ಟಿ. ಡಬ್ಲ್ಯು. ಫೋರ್ಬ್ಸ್ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಲೇಖಾರ್ಹ. ಹೆದ್ದಾರಿ ಫಲಕಗಳಿಗಾಗಿ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಹೋಲಿಸಿದ ಆ ಅಧ್ಯಯನದಲ್ಲಿ, ಪರಿಚಿತ ಊರುಗಳ ಹೆಸರುಗಳನ್ನು ಗುರುತಿಸುವಾಗ ಸಣ್ಣಕ್ಷರಗಳಿಗೆ ಅನುಕೂಲ ಕಂಡುಬಂದಿತು. ಇಲ್ಲಿ 'ಪರಿಚಿತ' ಎಂಬ ವಿಶೇಷಣವೇ ಮಹತ್ವದ್ದು. ಚಾಲಕ ಫಲಕದತ್ತ ನೋಡುವಾಗ ಅವನ ಮನಸ್ಸು ಖಾಲಿಯಾಗಿರುವುದಿಲ್ಲ. ತಾನು ಹೋಗಬೇಕಾದ ಊರಿನ ಹೆಸರು ಅಲ್ಲಿ ಮೊದಲೇ ನಿಂತಿರುತ್ತದೆ. ಫಲಕದಲ್ಲಿ ಅವನು ಓದುವುದಕ್ಕಿಂತ ಹೆಚ್ಚಾಗಿ ಹುಡುಕುತ್ತಾನೆ.

ಅಮೆರಿಕದಲ್ಲಿ 1948ರ ವೇಳೆಗೆ ರೂಪುಗೊಂಡ ಹೆದ್ದಾರಿ ಅಕ್ಷರಮಾಲೆಗೆ ಬದಲಾಗಿ ಡಾನ್ ಮೀಕರ್ ಮತ್ತು ಜೇಮ್ಸ್ ಮೊಂಟಾಲ್ಬಾನೊ 'ಕ್ಲಿಯರ್‌ವ್ಯೂ' ಎಂಬ ಅಕ್ಷರವನ್ನು ರೂಪಿಸಿದರು. ವಾಹನದ ದೀಪದ ಬೆಳಕು ಫಲಕದಿಂದ ಮರಳಿ ಹೊಮ್ಮುವಾಗ ಬಿಳಿಯ ಅಕ್ಷರದ ಸುತ್ತ ಪ್ರಭೆ ಹರಡಿ, 'ಎ' ಮತ್ತು 'ಇ' ಎಂಬ ಸಣ್ಣಕ್ಷರಗಳ ಒಳಗಿನ ಕಿರಿದಾದ ಬಯಲು ಮುಚ್ಚಿಹೋಗುತ್ತದೆ. ವಯಸ್ಸಾದ ಚಾಲಕರಿಗೆ ಇದರ ಬಾಧೆ ಹೆಚ್ಚು. ಆ ಒಳಬಯಲನ್ನು ಹಿಗ್ಗಿಸಿದ್ದು ಕ್ಲಿಯರ್‌ವ್ಯೂ ವಿನ್ಯಾಸದ ತಿರುಳು. ಒಕ್ಕೂಟದ ಹೆದ್ದಾರಿ ಆಡಳಿತ 2004ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಮಧ್ಯಂತರ ಒಪ್ಪಿಗೆ ನೀಡಿತು. 2016ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ಶಾಸನಸಭೆಯ ನಿರ್ದೇಶನದ ಮೇರೆಗೆ 2018ರ ಮಾರ್ಚ್‌ನಲ್ಲಿ ಮತ್ತೆ ಜಾರಿಗೊಳಿಸಿತು. ಹಿಂತೆಗೆತದ ಕಾರಣಗಳು ವಿಚಾರಾರ್ಹವಾಗಿವೆ. ಹೊಸ ಅಕ್ಷರದ ಗುಣವೆಂದು ಭಾವಿಸಿದ್ದರಲ್ಲಿ ಬಹುಪಾಲು, ಮಾಸಿದ ಹಳೆಯ ಫಲಕದ ಜಾಗದಲ್ಲಿ ಹೊಸ ಹೊಳಪಿನ ಹಾಳೆ ಬಂದದ್ದರ ಗುಣವಾಗಿತ್ತು. ತಿಳಿಹಿನ್ನೆಲೆಯ ಮೇಲಿನ ಕರಿಯ ಅಕ್ಷರದಲ್ಲಿ ಹೊಸ ರೂಪ ಹಳೆಯದಕ್ಕಿಂತ ಹಿಂದೆ ಬಿದ್ದಿತ್ತು. ಅಕ್ಷರವನ್ನು ಅದು ನಿಂತ ಹಾಳೆ, ಬಣ್ಣ, ಬೆಳಕುಗಳಿಂದ ಬೇರ್ಪಡಿಸಿ ತೀರ್ಪು ನೀಡಲಾಗದೆಂಬುದನ್ನು ಇದು ತೋರಿಸುತ್ತದೆ.

ಹಾಗೆಂದು ರೂಪದ ಪರಿಣಾಮ ಶೂನ್ಯವೆಂದು ತೀರ್ಮಾನಿಸುವುದೂ ತಪ್ಪಾಗುತ್ತದೆ. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಏಜ್‌ಲ್ಯಾಬ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಕಾರಿನೊಳಗಿನ ಪರದೆಯ ಅಕ್ಷರಗಳನ್ನು ಪರೀಕ್ಷಿಸಿತು. ಚೌಕಾಕಾರದ, ಒಳಬಾಯಿ ಮುಚ್ಚಿಕೊಂಡಂತಿರುವ ಅಕ್ಷರಕ್ಕೆ ಬದಲಾಗಿ, ಕೈಬರಹದ ಚಲನೆಯನ್ನು ಉಳಿಸಿಕೊಂಡ ತೆರೆದ ಬಾಯಿಯ ಅಕ್ಷರವನ್ನು ಬಳಸಿದಾಗ ಪುರುಷ ಚಾಲಕರು ಪರದೆಯತ್ತ ನೋಡುವ ಒಟ್ಟು ಅವಧಿ ಶೇಕಡ 10.6ರಷ್ಟು ಕಡಿಮೆಯಾಯಿತು, ಮಹಿಳೆಯರಲ್ಲಿ ಅಂತಹ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪದಗಳು, ಪರದೆ, ಕೆಲಸ ಎಲ್ಲವೂ ಒಂದೇ ಆಗಿದ್ದು ಅಕ್ಷರರೂಪ ಮಾತ್ರ ಬೇರೆಯಾದಾಗ ಕಣ್ಣು ರಸ್ತೆಯಿಂದ ದೂರವಿರುವ ಕಾಲ ಬದಲಾಗುತ್ತದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

3. ಕನ್ನಡ ಲಿಪಿಯ ಸ್ವಭಾವ

ಮೇಲಿನ ಚರ್ಚೆಯೆಲ್ಲ ರೋಮನ್ ಲಿಪಿಗೆ ಸಂಬಂಧಿಸಿದ್ದು. ಭಾರತದ ರಸ್ತೆಫಲಕಗಳ ಪದ್ಧತಿ ಬಹುಮಟ್ಟಿಗೆ ಬ್ರಿಟಿಷ್ ಮಾದರಿಯನ್ನು ಅನುಸರಿಸಿರುವುದರಿಂದ, ಆ ಲಿಪಿಗಾಗಿ ಹುಟ್ಟಿದ ಅಳತೆಗಳು ಕನ್ನಡದ ಮೇಲೂ ಪ್ರಭಾವ ಬೀರುತ್ತವೆ. ಆದರೆ ಎರಡೂ ಲಿಪಿಗಳ ಸ್ವಭಾವ ಬೇರೆ. ರೋಮನ್ ಅಕ್ಷರಗಳು ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದ ಅಕ್ಷರಕ್ಕೆ ನಡುವೆ ಒಡಲು, ಮೇಲೆ ತಲೆಕಟ್ಟು, ಗುಡಿಸು ಮತ್ತು ಏತ್ವ, ಬಲಕ್ಕೆ ಕೊಂಬು ಮತ್ತು ದೀರ್ಘ, ಕೆಳಗೆ ಒತ್ತು. ಹೀಗೆ ಒಂದು ಅಕ್ಷರವೇ ಮೂರು ಅಂತಸ್ತುಗಳ ಕಟ್ಟಡವಾಗಿರುತ್ತದೆ. ತಾಳೆಗರಿಯ ಮೇಲೆ ಕಂಟದಿಂದ ಬರೆಯುವ ರೂಢಿ ಈ ಲಿಪಿಯ ದುಂಡುತನವನ್ನು ಪೋಷಿಸಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕೈಯಳತೆಯ ದೂರದಲ್ಲಿ ಹಿಡಿದು ಓದುವುದಕ್ಕಾಗಿ ಬೆಳೆದ ಲಿಪಿಯನ್ನು ಇಂದು ನೂರು ಮೀಟರ್ ದೂರದಿಂದ ಓದಬೇಕಾಗಿದೆ.

ಆದರೆ ಲಿಪಿಕಾರರಿಗೆ ಅಕ್ಷರಭೇದದ ಎಚ್ಚರ ಇರಲಿಲ್ಲವೆಂದು ಭಾವಿಸುವಂತಿಲ್ಲ. 'ವ'ಕಾರಕ್ಕೆ ಬಲಗಡೆ ಸಾಮಾನ್ಯವಾದ ಕೊಂಬನ್ನು ಹಚ್ಚಿದರೆ ಅದು 'ಮ'ಕಾರವಾಗಿ ತೋರುವ ಅಪಾಯವಿದೆ. ಆದ್ದರಿಂದಲೇ 'ವು' ಎಂಬಲ್ಲಿ ಕೊಂಬು ಅಕ್ಷರದ ಬುಡದಿಂದ ಕೆಳಮುಖವಾಗಿ ಹೊರಡುತ್ತದೆ. 'ಪು' ಎಂಬಲ್ಲಿಯೂ ಇದೇ ಕ್ರಮ. ಶಾಲೆಯಲ್ಲಿ ಅಪವಾದವೆಂದು ಕಲಿಸುವ ಈ ರೂಪ ವಾಸ್ತವವಾಗಿ ಗೊಂದಲ ತಪ್ಪಿಸುವ ಉಪಾಯವೇ ಆಗಿದೆ. ಟ್ರಾನ್ಸ್‌ಪೋರ್ಟ್ ಅಕ್ಷರದಲ್ಲಿ 'ಎಲ್'ಗೆ ಬಾಲ ಬಂದದ್ದಕ್ಕೂ ಕನ್ನಡದ 'ವು'ವಿನ ಕೊಂಬು ಸ್ಥಳ ಬದಲಿಸಿದ್ದಕ್ಕೂ ತರ್ಕ ಒಂದೇ.

ಇಂತಹ ಎಚ್ಚರ ಇಂದಿನ ಫಲಕಗಳಲ್ಲಿ ಸಡಿಲಗೊಳ್ಳುವುದು ಮುಖ್ಯವಾಗಿ ಅಳತೆಯ ವಿಷಯದಲ್ಲಿ. ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಎತ್ತರದ ಪಟ್ಟಿಯನ್ನು ಬಿಟ್ಟುಕೊಟ್ಟರೆ ಸಮಾನತೆ ಪಾಲಿಸಿದಂತೆ ಮೇಲ್ನೋಟಕ್ಕೆ ತೋರುತ್ತದೆ. ಆದರೆ 'ಚಿಕ್ಕಬಳ್ಳಾಪುರ', 'ಶ್ರೀರಂಗಪಟ್ಟಣ', 'ಕೃಷ್ಣರಾಜಪೇಟೆ' ಮುಂತಾದ ಹೆಸರುಗಳಲ್ಲಿ ಗುಡಿಸಿಗೂ ಒತ್ತಿಗೂ ಅದೇ ಪಟ್ಟಿಯೊಳಗೆ ಜಾಗ ಮಾಡಬೇಕಾಗುವುದರಿಂದ ಅಕ್ಷರದ ಒಡಲು ಕುಗ್ಗುತ್ತದೆ, ಒತ್ತು ಇನ್ನೂ ಕುಗ್ಗುತ್ತದೆ. ಅಮೆರಿಕದ 2009ರ ಕೈಪಿಡಿಯ ಪ್ರಕಾರ ಒಂದು ಅಂಗುಲ ಎತ್ತರದ ಅಕ್ಷರ ಮೂವತ್ತು ಅಡಿ ದೂರಕ್ಕೆ ಓದಲು ಸಿಗುತ್ತದೆ. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 3.6 ಮೀಟರ್. ರೋಮನ್ ಅಕ್ಷರಕ್ಕಾಗಿ ಗೊತ್ತಾದ ಈ ಪ್ರಮಾಣವನ್ನು ದೃಷ್ಟಾಂತಕ್ಕಾಗಿ ಮಾತ್ರ ಅನ್ವಯಿಸಿದರೆ, 20 ಸೆಂಟಿಮೀಟರ್ ಎತ್ತರದ ಅಕ್ಷರ 72 ಮೀಟರ್ ದೂರದಿಂದ ಕಾಣುತ್ತದೆ. 100 ಕಿಲೋಮೀಟರ್ ವೇಗದ ಚಾಲಕನಿಗೆ ಅದನ್ನು ಓದಲು ಸುಮಾರು 2.6 ಸೆಕೆಂಡು ದೊರೆಯುತ್ತದೆ. ಅದೇ ಪಟ್ಟಿಯೊಳಗೆ ಒಡಲು 14 ಸೆಂಟಿಮೀಟರಿಗೆ ಇಳಿದರೆ ದೂರ ಸುಮಾರು 50 ಮೀಟರಿಗೂ ಕಾಲಾವಕಾಶ 1.8 ಸೆಕೆಂಡಿಗೂ ಇಳಿಯುತ್ತದೆ. ಎರಡೂ ಲಿಪಿ ಬಲ್ಲವನು ಇಂಗ್ಲಿಷ್ ಸಾಲಿನ ನೆರವು ಪಡೆಯುತ್ತಾನೆ. ಕನ್ನಡವನ್ನಷ್ಟೇ ಓದಬಲ್ಲ ಲಾರಿ ಚಾಲಕನಿಗೆ, ಟೆಂಪೊ ನಡೆಸುವ ರೈತನಿಗೆ ಆ ನೆರವಿಲ್ಲ. ಅವನ ಪಾಲಿಗೆ ಸಮಯವೇ ಕಡಿತವಾಗುತ್ತದೆ.

ಎರಡು ಭಾಷೆಗಳ ಫಲಕಗಳಲ್ಲಿ ಇಂತಹ ಅಸಮತೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಐರ್ಲೆಂಡಿನಲ್ಲಿ ಐರಿಷ್ ಹೆಸರನ್ನು ಓರೆಯಾದ ಸಣ್ಣಕ್ಷರಗಳಲ್ಲೂ ಇಂಗ್ಲಿಷ್ ಹೆಸರನ್ನು ನೆಟ್ಟನೆಯ ದೊಡ್ಡಕ್ಷರಗಳಲ್ಲೂ ಬರೆಯುವ ಕ್ರಮವಿದೆ. ಇದರಿಂದ ಐರಿಷ್ ಹಿಂದೆ ಸರಿಯುತ್ತದೆಂಬ ಆಕ್ಷೇಪ ಅಲ್ಲಿನ ಭಾಷಾಸಂಘಟನೆಗಳಿಂದ ಬಂದಿದೆ. ಅಕ್ಷರರೂಪದ ಆಯ್ಕೆ ಭಾಷೆಗಳ ನಡುವಣ ಸ್ಥಾನಮಾನವನ್ನೂ ನಿರ್ಧರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

4. ಬೋರ್ಡು ಬರೆಯುವವರ ವಿವೇಕ

ಕನ್ನಡದ ಬಯಲಕ್ಷರಕ್ಕೆ ತನ್ನದೇ ಆದ ಒಂದು ಪರಂಪರೆಯಿದೆ. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಕಲಾವಿದರು ಮೊದಲು ಎರಡು ಗೆರೆಗಳನ್ನು ಹಾಕಿಕೊಂಡು ಅಕ್ಷರದ ಒಡಲನ್ನು ಅವುಗಳ ನಡುವೆ ನಿಲ್ಲಿಸುತ್ತಿದ್ದರು. ಒತ್ತು ಕೆಳಗೆರೆಯ ಆಚೆ ಇಳಿಯುತ್ತಿತ್ತು, ಗುಡಿಸು ಮೇಲ್ಗೆರೆಯನ್ನು ದಾಟುತ್ತಿತ್ತು. ಅಂದರೆ ಅವರ ಅಳತೆಯ ಮೂಲಮಾನ ಒಡಲಿನ ಎತ್ತರ. ಬ್ರಿಟನ್ನಿನ ಪದ್ಧತಿಯಲ್ಲಿಯೂ ಫಲಕದ ಅಳತೆ ಗೊತ್ತಾಗುವುದು ಸಣ್ಣಕ್ಷರದ ಒಡಲಿನ ಎತ್ತರದಿಂದಲೇ. ಗಣಕದಲ್ಲಿ ಪಟ್ಟಿಯ ಎತ್ತರವನ್ನು ಮೊದಲು ನಿಗದಿಪಡಿಸಿ ಅಕ್ಷರವನ್ನು ಅದರೊಳಗೆ ತುಂಬುವ ಕ್ರಮದಲ್ಲಿ ಈ ವಿವೇಕ ಕೈತಪ್ಪುತ್ತದೆ. ಪುಸ್ತಕದ ಪುಟಕ್ಕೆಂದು ರೂಪಿಸಿದ ಅಕ್ಷರವನ್ನೇ ಹಿಗ್ಗಿಸಿ ಫಲಕಕ್ಕೆ ಅಂಟಿಸಿದಾಗ ತೊಂದರೆ ಇಮ್ಮಡಿಸುತ್ತದೆ. ಪುಟದಲ್ಲಿ ಸೊಗಸಾಗಿ ಕಾಣುವ ತೆಳುಗೆರೆ ದೂರದಲ್ಲಿ ಮಾಯವಾಗುತ್ತದೆ. ದಪ್ಪಗೆರೆ ರಾತ್ರಿಯ ಬೆಳಕಿನಲ್ಲಿ ಹಿಗ್ಗಿ ಒಳಬಯಲನ್ನು ನುಂಗುತ್ತದೆ.

ಆದರೆ ಜನಪದ ಅಕ್ಷರಕಲೆಯೆಲ್ಲವೂ ರಸ್ತೆಫಲಕಕ್ಕೆ ಮಾದರಿಯಾಗಬೇಕೆಂದು ವಾದಿಸುವುದು ಭಾವುಕತೆಯಾಗುತ್ತದೆ. ಲಾರಿಯ ಹಣೆಯ ಮೇಲೆ ನೆರಳು, ಬಳ್ಳಿ, ಬಣ್ಣಗಳೊಂದಿಗೆ ಮೂಡುವ ದೇವರ ಹೆಸರು ಹರಕೆಯೂ ಹೌದು, ಒಡೆಯನ ಗುರುತೂ ಹೌದು. ಅದನ್ನು ನಿಂತು ನೋಡಬೇಕು. ಕಷ್ಟಪಟ್ಟು ಓದಿದರೂ ನಷ್ಟವಿಲ್ಲ. ರಸ್ತೆಫಲಕ ಕಣ್ಣನ್ನು ತಡೆದು ನಿಲ್ಲಿಸದೆ ಬೇಗ ಬಿಟ್ಟುಕೊಡಬೇಕು. ಒಂದರ ಗುಣ ಇನ್ನೊಂದರ ದೋಷ. ಪರಂಪರೆಯಿಂದ ಪಡೆಯಬೇಕಾದದ್ದು ಅಲಂಕಾರವನ್ನಲ್ಲ, ಒಡಲು ಮತ್ತು ಒತ್ತಿನ ನಡುವಣ ಪ್ರಮಾಣಜ್ಞಾನವನ್ನು.

5. ಹೆಸರುಗಳ ಭಂಡಾರ

ಅಕ್ಷರಭೇದಗಳೆಲ್ಲವೂ ಚಾಲಕನಿಗೆ ಸಮಾನ ಮಹತ್ವದವಲ್ಲ. 'ಧಾರವಾಡ' ಎಂಬಲ್ಲಿ ಮಹಾಪ್ರಾಣದ ಸೀಳು ದೂರಕ್ಕೆ ಮುಚ್ಚಿಹೋಗಿ 'ದಾರವಾಡ' ಎಂದು ಕಂಡರೂ ಓದುವವನು ದಾರಿ ತಪ್ಪುವುದಿಲ್ಲ; ಆ ಹೆಸರಿನ ಇನ್ನೊಂದು ನಗರ ಅವನ ನೆನಪಿನಲ್ಲಿಲ್ಲ. ಬಾಯಿಮಾತಿನಲ್ಲಿ ಮಹಾಪ್ರಾಣ ಸಡಿಲವಾಗಿಯೇ ಇರುವುದರಿಂದ ಆ ರೂಪವೂ ಅವನ ಕಿವಿಗೆ ಅಪರಿಚಿತವಲ್ಲ. ಅಕ್ಷರ ಕೈಬಿಟ್ಟಲ್ಲಿ ಮೌಖಿಕ ಪರಂಪರೆ ಕೈಹಿಡಿಯುತ್ತದೆ.

ಆದರೆ ಎಲ್ಲೆಡೆ ಹೀಗಾಗದು. ಕನ್ನಡ ನಾಡಿನ ಊರ ಹೆಸರುಗಳಲ್ಲಿ ಹಳ್ಳಿ, ಪುರ, ಊರು, ಕೆರೆ, ಪಟ್ಟಣ, ಪೇಟೆ, ಕೋಟೆ ಮುಂತಾದ ವಾರ್ಗಿಕಗಳು ಮತ್ತೆ ಮತ್ತೆ ಬರುತ್ತವೆಂಬುದನ್ನು ಸ್ಥಳನಾಮಗಳ ಅಧ್ಯಯನ ವಿಶದಪಡಿಸಿದೆ. ತರೀಕೆರೆ ಮತ್ತು ಅರಸೀಕೆರೆಗಳ ಉತ್ತರಾರ್ಧ ಒಂದೇ. ಚನ್ನಪಟ್ಟಣ ಮತ್ತು ಚನ್ನರಾಯಪಟ್ಟಣಗಳಿಗೆ ಆದಿಯೂ ಅಂತ್ಯವೂ ಒಂದೇ, ಭೇದ ಇರುವುದು ನಡುವೆ. ಹೊಸಪೇಟೆ ಮತ್ತು ಹೊಸಕೋಟೆಗಳನ್ನು ಬೇರ್ಪಡಿಸುವುದು ಪದದ ನಡುವಿನ ಒಂದೇ ಅಕ್ಷರ. ಚಾರ್ಮಾಡಿ ಘಟ್ಟದ ಮೇಲಣ ಮೂಡಿಗೆರೆಗೂ ಕೆಳಗಣ ಮೂಡುಬಿದಿರೆಗೂ ಮೊದಲ ಅಕ್ಷರ ಸಮಾನ. ಎರಡನೆಯದರಲ್ಲಿ ಗುಡಿಸು ಮತ್ತು ಕೊಂಬಿನ ವ್ಯತ್ಯಾಸ. ಇಂತಹ ಜೋಡಿಗಳಲ್ಲಿ ನೆನಪು ನೆರವಾಗುವ ಬದಲು ದಾರಿ ತಪ್ಪಿಸಬಲ್ಲದು, ಏಕೆಂದರೆ ಎರಡು ಹೆಸರುಗಳೂ ಪರಿಚಿತವೇ. ಮನಸ್ಸಿನಲ್ಲಿರುವ ಹೆಸರಿಗೆ ಹತ್ತಿರದ ಆಕಾರ ಕಂಡೊಡನೆ ಕಣ್ಣು ತೃಪ್ತಿಪಡುತ್ತದೆ.

ಇದರ ಪ್ರಾಯೋಗಿಕ ಮಹತ್ವ ಹೊಸ ಹೆದ್ದಾರಿಗಳಲ್ಲಿ ಎದ್ದುಕಾಣುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಮುಂತಾದ ಊರುಗಳು ಬೈಪಾಸುಗಳ ಆಚೆ ಉಳಿದಿವೆ. ಹಳೆಯ ದಾರಿಯಲ್ಲಿ ಊರೇ ತನ್ನ ಗುರುತಾಗಿತ್ತು. ಚನ್ನಪಟ್ಟಣದ ಬೊಂಬೆಯಂಗಡಿಗಳು, ಮದ್ದೂರಿನ ವಡೆಯ ಹೋಟೆಲುಗಳು ಫಲಕದ ಕೆಲಸವನ್ನೂ ಮಾಡುತ್ತಿದ್ದವು. ತಪ್ಪಿದರೆ ನಿಲ್ಲಿಸಿ ಯಾರನ್ನಾದರೂ ಕೇಳಬಹುದಿತ್ತು. ಬೈಪಾಸಿನ ಮೇಲೆ ಕೇಳಲು ಯಾರೂ ಇಲ್ಲ. ಊರಿನ ಸ್ಥಾನದಲ್ಲಿ ಊರಿನ ಹೆಸರು ಮಾತ್ರ ಉಳಿದಿದೆ. ನಿರ್ಗಮನದ ಫಲಕವನ್ನು ತಡವಾಗಿ ಓದಿದವನು ಒಂದೋ ಮುಂದೆ ಹೋಗಿ ಸುತ್ತಿ ಬರಬೇಕು, ಇಲ್ಲವೇ ಹಠಾತ್ತನೆ ವೇಗ ತಗ್ಗಿಸಿ ಪಕ್ಕಕ್ಕೆ ತಿರುಗಬೇಕು. ಎರಡನೆಯದು ಹಿಂದೆ ಬರುವವರ ಪ್ರಾಣಕ್ಕೂ ಸಂಬಂಧಿಸಿದ್ದು.

ಈ ಎಲ್ಲ ಕಾರಣಗಳಿಂದ ಕನ್ನಡದ ರಸ್ತೆಯಕ್ಷರವನ್ನು ಕುರಿತ ಸಂಶೋಧನೆ ಮೂರು ನೆಲೆಗಳಲ್ಲಿ ನಡೆಯಬೇಕಾಗಿದೆ. ಫಲಕದಲ್ಲಿ ಕನ್ನಡಕ್ಕೆ ಒಡಲಿನ ಎತ್ತರವನ್ನೇ ಮೂಲಮಾನವಾಗಿ ಗೊತ್ತುಪಡಿಸಿ, ಒತ್ತು ಮತ್ತು ಗುಡಿಸುಗಳಿಗೆ ಅದರ ಹೊರಗೆ ಜಾಗ ಕೊಡುವುದು ಮೊದಲನೆಯದು. ಹಗಲು–ರಾತ್ರಿಗಳಲ್ಲಿ, ಹೊಸ ಮತ್ತು ಮಾಸಿದ ಹಾಳೆಗಳ ಮೇಲೆ, ಬೇರೆ ಬೇರೆ ವಯಸ್ಸಿನ ಚಾಲಕರೊಂದಿಗೆ ಅಕ್ಷರಗಳನ್ನು ಚಲನೆಯಲ್ಲಿಯೇ ಪರೀಕ್ಷಿಸುವುದು ಎರಡನೆಯದು. ಪರೀಕ್ಷೆಗೆ ಬಿಡಿ ಅಕ್ಷರಗಳನ್ನಾಗಲಿ ಅರ್ಥವಿಲ್ಲದ ಪದಗಳನ್ನಾಗಲಿ ಆರಿಸದೆ, ಒಂದನ್ನೊಂದು ಹೋಲುವ ನಿಜವಾದ ಊರ ಹೆಸರುಗಳ ಜೋಡಿಗಳನ್ನೇ ಆರಿಸುವುದು ಮೂರನೆಯದು. ಈ ಮೂರನೆಯ ಕೆಲಸಕ್ಕೆ ಅಕ್ಷರ ವಿನ್ಯಾಸಕಾರನ ಜಾಣ್ಮೆಯಾಗಲಿ ಎಂಜಿನಿಯರನ ಲೆಕ್ಕವಾಗಲಿ ಸಾಲದು. ಊರ ಹೆಸರುಗಳನ್ನೂ ಅವು ಜನರ ಬಾಯಲ್ಲಿ ಪಡೆಯುವ ರೂಪಗಳನ್ನೂ ಸಂಗ್ರಹಿಸುತ್ತ ಬಂದಿರುವ ಜಾನಪದ ಮತ್ತು ಸ್ಥಳನಾಮ ವಿದ್ವಾಂಸರ ನೆರವು ಅಗತ್ಯ. ಆ ಸಂಗ್ರಹಗಳು ಗ್ರಂಥಾಲಯದ ಕಪಾಟುಗಳಲ್ಲಿ ಈಗಾಗಲೇ ಇವೆ. ಹೆದ್ದಾರಿಯ ಫಲಕಕ್ಕೂ ಅವುಗಳಿಗೂ ನಡುವೆ ಸಂಪರ್ಕ ಕಲ್ಪಿಸಿದರೆ ಕನ್ನಡವನ್ನಷ್ಟೇ ಬಲ್ಲ ಚಾಲಕನಿಗೆ, ಇತರರಿಗೆ ದೊರೆಯುವಷ್ಟೇ ಕಾಲಾವಕಾಶ ದೊರೆಯುತ್ತದೆ.